ಹೂತ ಮರಕ್ಕೆ ಎಷ್ಟು ಬೆಳಕು?

ಮಾಘಮಾಸ ಕಳೆದು ಫಾಲ್ಗುಣ ತಲೆದೋರುವ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ಎಲೆಯುದುರಿಸಿ ಬರಿಗೊಂಬೆಗಳಲ್ಲಿ ನಿಂತಿದ್ದ ಟಬೆಬುಯಾ ಮರಗಳು ನೋಡುನೋಡುತ್ತಿದ್ದಂತೆ ಮೈತುಂಬ ಹೂ ಹೊದ್ದುಕೊಳ್ಳುವುದನ್ನೂ, ಅವುಗಳ ಬುಡದಲ್ಲಿ ಮೊಬೈಲು ಹಿಡಿದು ಕತ್ತೆತ್ತಿದವರ ಗುಂಪು ನೆರೆಯುವುದನ್ನೂ ಈಗ ನಾವು ಪ್ರತಿವರ್ಷವೂ ಕಾಣುತ್ತೇವೆ. ಹೀಗೆ ತೆಗೆದ ಚಿತ್ರಗಳಲ್ಲಿ ಬಹುಪಾಲು ಎರಡು ಬಗೆಯಲ್ಲಿ ಕೆಟ್ಟಿರುತ್ತವೆ. ಒಂದೋ ಆಕಾಶವು ಬೆಳ್ಳಗೆ ಉರಿದು, ಅದರ ಮುಂದೆ ಮರವು ಕೊಂಬೆ ಹೂಗಳೆಂಬ ಭೇದವಿಲ್ಲದೆ ಕಪ್ಪಿಟ್ಟಿರುತ್ತದೆ. ಇಲ್ಲವೇ ಮರವೇನೋ ಬೆಳಗಿದ್ದು, ಹೂವಿನ ವರ್ಣವೆಲ್ಲ ಸೋರಿಹೋಗಿ, ಎಸಳುಗಳ ಗೆರೆ ಮಡಿಕೆಗಳು ಅಳಿಸಿ, ಗೊಂಚಲಿಗೆ ಗೊಂಚಲೇ ಬಿಳಿಚಿದ ಮಚ್ಚೆಯಾಗಿ ಉಳಿದಿರುತ್ತದೆ. ಕಣ್ಣಿಗೆ ಅಷ್ಟು ಸೊಗಸಾಗಿ ಕಂಡದ್ದು ಚಿತ್ರದಲ್ಲಿ ಏಕೆ ಹೀಗಾಯಿತೆಂದು ಕೇಳಿದರೆ, ಬಿಸಿಲು ಹೆಚ್ಚಾಯಿತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ.

ಬಿಸಿಲನ್ನು ದೂರುವುದು ಸುಲಭವಾದರೂ ನ್ಯಾಯವೆಂದು ನನಗೆ ತೋರುವುದಿಲ್ಲ. ನಮ್ಮ ನಾಡಿನ ಮುತ್ತುಗ, ಬೂರುಗ, ಹಾಲುವಾಣ, ಕಕ್ಕೆ ಮೊದಲಾದ ವೃಕ್ಷಗಳು ಮಳೆಗಾಲ ಹಿಂದಾಗಿ, ಎಲೆ ಕಳಚಿ, ಸೂರ್ಯನು ದಿನದಿಂದ ದಿನಕ್ಕೆ ಪ್ರಖರನಾಗುವ ಕಾಲವನ್ನೇ ತಮ್ಮ ಪುಷ್ಪೋತ್ಸವಕ್ಕೆ ಆರಿಸಿಕೊಂಡಿವೆ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರೂ ದಕ್ಷಿಣ ಅಮೆರಿಕದಿಂದ ಬಂದ ಜಕರಂದಾವೂ ಇಲ್ಲಿಗೆ ಬಂದ ಮೇಲೆ ಅದೇ ಪದ್ಧತಿಯನ್ನು ಹಿಡಿದಿವೆ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ವಹಿಸಿಕೊಂಡ ಜರ್ಮನಿಯ ಉದ್ಯಾನತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್ಲರು, ಒಂದು ಜಾತಿಯ ಮರದ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಜಾತಿಯದು ಅರಳುವಂತೆ ನಗರದ ಸಾಲುಮರಗಳನ್ನು ಯೋಜಿಸಿದರೆಂಬುದು ಹಲವರು ಬಲ್ಲ ಸಂಗತಿ. ಆ ಯೋಜನೆಯಿಂದ ಛಾಯಾಗ್ರಾಹಕನಿಗೆ ಒದಗಿದ ಫಲವೇನೆಂದರೆ, ತಿಂಗಳು ತಿಂಗಳಿಗೆ ಹೂವಿನ ಬಣ್ಣ ಬದಲಾಗುವುದರ ಜೊತೆಗೆ ಸೂರ್ಯನು ಏರುವ ಎತ್ತರವೂ ಬದಲಾಗುವುದರಿಂದ, ಹಳದಿ ಟಬೆಬುಯಾದ ಮುಂದೆ ಕಲಿತ ಲೆಕ್ಕ ಗುಲ್‌ಮೊಹರಿನ ಮುಂದೆ ನಡೆಯದು. ಬಿಸಿಲೇರಿದ ಮೇಲೆ ಕ್ಯಾಮೆರಾ ಮುಟ್ಟಬೇಡಿರೆಂದು ಗುರುಸ್ಥಾನದಲ್ಲಿರುವವರು ಹೇಳುವ ಮಾತು ಮನುಷ್ಯರ ಮುಖದ ಮಟ್ಟಿಗೆ ಸರಿ. ಹೂತ ಮರದ ಮಟ್ಟಿಗೆ ಅರ್ಧಸತ್ಯ.

ದೋಷದ ಮೂಲ ಕ್ಯಾಮೆರಾದೊಳಗೆ ಬೆಳಕನ್ನಳೆಯುವ ಮೀಟರಿನಲ್ಲಿದೆ; ಅಥವಾ, ಸರಿಯಾಗಿ ಹೇಳಬೇಕೆಂದರೆ, ಮೀಟರನ್ನು ನಾವು ಸರ್ವಜ್ಞನೆಂದು ನಂಬುವುದರಲ್ಲಿದೆ. ಚಿತ್ರಫಲಕದ ಮೇಲೆ ಎಷ್ಟು ಬೆಳಕು ಬೀಳಬೇಕೆಂಬುದು, ಎಂದರೆ ಎಕ್ಸ್‌ಪೋಷರು, ಮಸೂರದ ಅಪರ್ಚರು ಎಷ್ಟು ತೆರೆದಿದೆ, ಶಟರು ಎಷ್ಟು ಹೊತ್ತು ತೆರೆದಿರುತ್ತದೆ, ಫಲಕದ ಸಂವೇದನೆಯ ಅಳತೆಯಾದ ಐಎಸ್‌ಒ ಎಷ್ಟಿದೆ ಎಂಬ ಮೂರನ್ನು ಅವಲಂಬಿಸಿರುವುದಷ್ಟೆ. ಬೆಳಕು ಇಮ್ಮಡಿಯಾದರೆ ಅಥವಾ ಅರ್ಧವಾದರೆ ಅದನ್ನು ಒಂದು ಸ್ಟಾಪು ಎನ್ನುತ್ತಾರೆ. ಈ ಮೂರನ್ನು ನಿರ್ಧರಿಸಲು ನೆರವಾಗುವ ಮೀಟರಿಗೆ ತನ್ನ ಮುಂದಿರುವುದು ಮರವೋ ಮದುವೆಯ ದಿಬ್ಬಣವೋ ಎಂಬುದು ತಿಳಿಯದು. ಅದು ತಾನು ನೋಡುವ ವಸ್ತುವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಮಧ್ಯಮ ಬೂದುಬಣ್ಣದ್ದೆಂದು ಭಾವಿಸಿಕೊಂಡು, ಚಿತ್ರವೂ ಆ ಬೂದಿಯಷ್ಟೇ ಬೆಳಗುವಂತೆ ಲೆಕ್ಕ ಹಾಕುತ್ತದೆ; ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿಯ ರೀತಿ ಅದರದು. ಹಸಿರು ಹುಲ್ಲು, ಒಣಗಿದ ಕಲ್ಲು, ಸೂರ್ಯನಿಗೆ ವಿಮುಖವಾದ ದಿಕ್ಕಿನ ನೀಲಾಕಾಶ, ಇವೆಲ್ಲ ಹೆಚ್ಚುಕಡಿಮೆ ಆ ಅಳತೆಗೆ ಹೊಂದುವುದರಿಂದ ಸಾಮಾನ್ಯ ದೃಶ್ಯಗಳಲ್ಲಿ ಮೀಟರಿನ ಮಾತು ಸುಳ್ಳಾಗುವುದಿಲ್ಲ. ಆದರೆ ಚಿತ್ರದ ಮುಕ್ಕಾಲು ಪಾಲು ಬಿಳಿಯ ಆಕಾಶವೇ ಆದಾಗ ಆ ಬಿಳುಪನ್ನು ಬೂದಿಗಿಳಿಸುವ ಭರದಲ್ಲಿ ಅದು ಬೆಳಕನ್ನು ತಗ್ಗಿಸುತ್ತದೆ, ಮರ ಕಪ್ಪಾಗುತ್ತದೆ. ಕರಿಯ ಬಂಡೆಯನ್ನೋ ಮಾವಿನ ತೋಪಿನ ಗಾಢಚ್ಛಾಯೆಯನ್ನೋ ಬೆನ್ನಿಗಿಟ್ಟುಕೊಂಡು ಹೂತ ಒಂಟಿ ಕೊಂಬೆಯನ್ನು ತೆಗೆದಾಗ, ಆ ಕಪ್ಪನ್ನು ಬೂದಿಗೇರಿಸುವ ಭರದಲ್ಲಿ ಬೆಳಕನ್ನು ಹೆಚ್ಚಿಸುತ್ತದೆ, ಹೂ ಸುಟ್ಟುಹೋಗುತ್ತದೆ. ಕ್ಯಾಮೆರಾದ ಮೇಲಿರುವ ಧನ ಋಣಗಳ ಗುಂಡಿಯನ್ನು ಯಾವಾಗ ಯಾವ ಕಡೆಗೆ ತಿರುಗಿಸಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕಿಲ್ಲ: ಹಿನ್ನೆಲೆ ಬಿಳುಪಾದರೆ ಒಂದು ಸ್ಟಾಪಿನಷ್ಟು ಧನ, ಹಿನ್ನೆಲೆ ಕಪ್ಪಾದರೆ ಒಂದು ಸ್ಟಾಪಿನಷ್ಟು ಋಣ, ಆಮೇಲೆ ನೋಡಿ ತಿದ್ದುವುದು.

ಮೀಟರೇ ಇಲ್ಲದ ಕಾಲದಲ್ಲಿ, ಅಥವಾ ಅದನ್ನು ಕೊಳ್ಳುವ ಶಕ್ತಿಯಿಲ್ಲದವರ ಕೈಯಲ್ಲಿ, ಬಿಸಿಲಿನ ಚಿತ್ರಗಳು ಇಂದಿಗಿಂತ ಕೆಟ್ಟಿದ್ದುವೆಂದು ಭಾವಿಸಬೇಕಾಗಿಲ್ಲ. ಕೊಡಾಕ್ ಸಂಸ್ಥೆಯ ಫಿಲಂ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಿದ್ದ ಸಣ್ಣ ಕಾಗದದಲ್ಲಿ ಬಿಸಿಲು, ಮಬ್ಬು ಬಿಸಿಲು, ಮೋಡ, ನೆರಳು ಎಂದು ಚಿತ್ರಸಹಿತ ಪಟ್ಟಿಯಿದ್ದು, ಬಡ ಹವ್ಯಾಸಿಗಳು ಅದನ್ನು ಕ್ಯಾಮೆರಾದ ಚರ್ಮದ ಚೀಲದಲ್ಲಿಟ್ಟುಕೊಂಡೇ ಕೆಲಸ ಸಾಗಿಸುತ್ತಿದ್ದರು. ಅದರ ಸಾರವನ್ನೇ ಇಂದು ‘ಸನ್ನಿ ಸಿಕ್ಸ್‌ಟೀನ್’ ನಿಯಮವೆಂದು ಕರೆಯುವುದು. ಮುಚ್ಚುಮರೆಯಿಲ್ಲದ ಬಿಸಿಲಿನಲ್ಲಿ ಅಪರ್ಚರನ್ನು ಎಫ್ 16ಕ್ಕೆ ಇಟ್ಟು, ಶಟರನ್ನು ಐಎಸ್‌ಒ ಸಂಖ್ಯೆಯ ವಿಲೋಮಕ್ಕೆ ಸಮೀಪವಾಗಿ ಇಡಬೇಕು. ಐಎಸ್‌ಒ 100 ಆದರೆ ಸೆಕೆಂಡಿನ 125ನೆಯ ಒಂದು ಭಾಗ. ಗಾಳಿಗೆ ತೊನೆಯುವ ಕೊಂಬೆಗೆ ಇಷ್ಟು ವೇಗ ಸಾಲದಾದ್ದರಿಂದ ಅದನ್ನೇ ಇನ್ನಷ್ಟು ತೆರೆದ ಎಫ್ 8, 500ನೆಯ ಒಂದು ಭಾಗ ಎಂದು ಬದಲಾಯಿಸಿಕೊಂಡರೆ ಬೆಳಕಿನ ಮೊತ್ತ ಅಷ್ಟೇ ಉಳಿದು ಹೂ ಅಲುಗದೆ ನಿಲ್ಲುತ್ತದೆ. ಈ ನಿಯಮದ ಗುಣವಿರುವುದು ಅದು ಮರವನ್ನು ನೋಡದೆ ಸೂರ್ಯನನ್ನು ನೋಡುವುದರಲ್ಲಿ. ಬಿಸಿಲು ಕಕ್ಕೆಯ ಮೇಲೂ ಬೂರುಗದ ಮೇಲೂ ಒಂದೇ ಪ್ರಮಾಣದಲ್ಲಿ ಬೀಳುವುದರಿಂದ, ಹಳದಿಯು ಹಳದಿಯಾಗಿಯೂ ಕಪ್ಪು ಕಪ್ಪಾಗಿಯೂ ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ. ಮೀಟರನ್ನೇ ಬಳಸಬೇಕೆನ್ನುವವರು ಮರದ ಮೇಲೆ ಬೀಳುತ್ತಿರುವ ಬಿಸಿಲಿಗೇ ತಮ್ಮ ಅಂಗೈಯನ್ನು ಒಡ್ಡಿ, ಚೌಕಟ್ಟಿನ ತುಂಬ ಅಂಗೈ ಮಾತ್ರ ಕಾಣುವಂತೆ ಅಳೆದು, ಬಂದ ಲೆಕ್ಕಕ್ಕೆ ಒಂದು ಸ್ಟಾಪು ಬೆಳಕು ಸೇರಿಸಿದರೆ ಬಹುಮಟ್ಟಿಗೆ ಇದೇ ಉತ್ತರ ಬರುತ್ತದೆ. ಅಂಗೈಯು ಮಧ್ಯಮ ಬೂದಿಗಿಂತ ಸುಮಾರು ಒಂದು ಸ್ಟಾಪು ಹೆಚ್ಚು ಬೆಳ್ಳಗಿರುವುದೇ ಅದಕ್ಕೆ ಕಾರಣ. ಹೊಸ ಕ್ಯಾಮೆರಾ ಕೊಂಡವರಿಗೆ ಇದು ಅಜ್ಜನ ಕಾಲದ ಉಪಾಯವೆಂದು ತೋರಬಹುದು. ಅಜ್ಜನ ಕಾಲದ ಬಿಸಿಲೇ ಈಗಲೂ ಇರುವುದು.

ಹಾಗಾದರೆ ಈ ಒಂದು ಸೂತ್ರದಿಂದ ಎಲ್ಲವೂ ಪರಿಹಾರವಾಯಿತೇ ಎಂದರೆ, ಮರವೆಂಬುದು ಒಂದೇ ಪ್ರಭೆಯ ವಸ್ತುವಾಗಿದ್ದರೆ ಆಗುತ್ತಿತ್ತು. ಹೂತ ಮರದಲ್ಲಿ ಬಿಸಿಲು ಬಿದ್ದ ಎಸಳು ಒಂದು, ಅದರ ಹಿಂದಣ ಕೊಂಬೆಯ ನೆರಳು ಇನ್ನೊಂದು, ಎರಡರ ಸಂದಿಯಲ್ಲಿ ಇಣುಕುವ ಆಕಾಶ ಮತ್ತೊಂದು. ನೇರ ಬಿಸಿಲಿಗೂ ತೆರೆದ ಜಾಗದ ನೆರಳಿಗೂ ನಡುವೆ ಸುಮಾರು ಎಂಟು ಪಟ್ಟು, ಎಂದರೆ ಮೂರು ಸ್ಟಾಪಿನಷ್ಟು ಅಂತರವಿರುತ್ತದೆ. ಮರದ ಒಳಹಂದರದ ನೆರಳಂತೂ ಇನ್ನೂ ಆಳವಾದದ್ದು. ನಮ್ಮ ಕಣ್ಣು ಎಸಳನ್ನು ನೋಡುವಾಗ ಎಸಳಿಗೆ, ನೆರಳನ್ನು ನೋಡುವಾಗ ನೆರಳಿಗೆ ಕ್ಷಣಾರ್ಧದಲ್ಲಿ ಹೊಂದಿಕೊಂಡು, ಈ ತುಣುಕುಗಳನ್ನೆಲ್ಲ ಕೂಡಿಸಿ ಮನಸ್ಸಿಗೆ ಒಂದು ಸುಂದರ ವೃಕ್ಷವನ್ನು ಒಪ್ಪಿಸುತ್ತದೆ. ಕ್ಯಾಮೆರಾಕ್ಕೆ ಒಂದೇ ನೋಟದಲ್ಲಿ ಒಂದೇ ಲೆಕ್ಕದಲ್ಲಿ ಎಲ್ಲವನ್ನೂ ಹಿಡಿಯಬೇಕಾದ ನಿರ್ಬಂಧ. ಆದ್ದರಿಂದ ಮರದಲ್ಲಿ ಯಾವ ಭಾಗ ಸರಿಯಾಗಿ ಬರಬೇಕು, ಯಾವ ಭಾಗ ಹೋದರೂ ಚಿಂತೆಯಿಲ್ಲ ಎಂಬುದನ್ನು ಮೊದಲೇ ನಿಶ್ಚಯಿಸದೆ ಗುಂಡಿಯೊತ್ತುವವನಿಗೆ ಯಾವ ಯಂತ್ರವೂ ಸಹಾಯ ಮಾಡದು. ನನ್ನ ಅಭಿಪ್ರಾಯದಲ್ಲಿ ಈ ನಿಶ್ಚಯಕ್ಕೆ ಒಂದೇ ಉತ್ತರವುಂಟು: ಬಿಸಿಲು ಬಿದ್ದ ಎಸಳನ್ನು ಉಳಿಸಿಕೊಳ್ಳಬೇಕು, ಮಿಕ್ಕದ್ದನ್ನು ಅದರ ಪಾಡಿಗೆ ಬಿಡಬೇಕು. ಕಪ್ಪು ಬಿಳುಪಿನ ನೆಗೆಟಿವ್ ಫಿಲಂ ಬಳಸುತ್ತಿದ್ದವರು ನೆರಳಿಗೆ ಬೆಳಕು ಕೊಡು ಎಂಬುದನ್ನು ಮಂತ್ರವಾಗಿ ಇಟ್ಟುಕೊಂಡಿದ್ದರು. ಐದಾರು ಸ್ಟಾಪುಗಳನ್ನು ಮಾತ್ರ ತಾಳಬಲ್ಲ ಸ್ಲೈಡ್ ಫಿಲಂ ಬಂದಾಗ ಅದು ತಲೆಕೆಳಗಾಗಿ, ಹೊಳಪನ್ನು ಕಾಪಾಡು ಎಂದಾಯಿತು. ಇಂದಿನ ಡಿಜಿಟಲ್ ಫಲಕ ಸಹನೆಯಲ್ಲಿ ಸ್ಲೈಡಿಗಿಂತ ಎಷ್ಟೋ ಮೇಲಾದರೂ ಈ ಒಂದು ಸ್ವಭಾವದಲ್ಲಿ ಅದರ ಕುಲಕ್ಕೇ ಸೇರಿದ್ದು: ಕತ್ತಲಲ್ಲಿ ಅಡಗಿದ್ದನ್ನು ಅನಂತರ ಎತ್ತಿ ತೋರಿಸಬಹುದು, ತುಂಬಿ ಹೊರಚೆಲ್ಲಿದ ಬೆಳಕನ್ನು ಮರಳಿ ತುಂಬಿಕೊಳ್ಳಲಾಗದು.

ಎಸಳನ್ನು ಉಳಿಸಬೇಕೆಂಬುದು ಹೇಳಿದಷ್ಟು ಸರಳವಲ್ಲವೆಂಬುದನ್ನು ಗುಲ್‌ಮೊಹರಿನ ಒಂದು ಹೂವನ್ನು ಹತ್ತಿರದಿಂದ ನೋಡಿದರೆ ತಿಳಿಯಬಹುದು. ಮಕ್ಕಳು ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಕೋಳಿಜಗಳವಾಡುವ ಈ ಹೂವಿನಲ್ಲಿ ಐದು ಎಸಳುಗಳಿದ್ದು, ನಾಲ್ಕು ಅಚ್ಚಕೆಂಪಾಗಿ ಹರಡಿಕೊಂಡಿದ್ದರೆ, ಅವಕ್ಕಿಂತ ತುಸು ದೊಡ್ಡದಾದ ಐದನೆಯದು ನೆಟ್ಟಗೆ ನಿಂತು ಬಿಳಿ ಹಳದಿಯ ಮೇಲೆ ಕೆಂಪು ಚುಕ್ಕೆಗಳನ್ನು ತಳೆದಿರುತ್ತದೆ. ಪರದೆಯ ಮೇಲೆ ಹಿಸ್ಟೋಗ್ರಾಮ್ ಎಂಬ ಬೆಳಕಿನ ನಕ್ಷೆಯನ್ನು ನೋಡಿ, ಅತಿಬೆಳಕಿನ ಬಲತುದಿಯನ್ನು ಯಾವುದೂ ಮುಟ್ಟಿಲ್ಲವೆಂದು ಸಮಾಧಾನಗೊಂಡು ಮನೆಗೆ ಬಂದವನಿಗೆ, ಆ ನಾಲ್ಕು ಎಸಳುಗಳು ಅಂಚಿನ ಸುಕ್ಕುಗಳನ್ನೂ ನರಗಳನ್ನೂ ಕಳೆದುಕೊಂಡು ಸಪಾಟಾದ ಕೆಂಪು ತೇಪೆಗಳಾಗಿ ಕಾಣುತ್ತವೆ. ಕೆಲವೆಡೆ ಕೆಂಪು ಕಿತ್ತಳೆಗೆ ತಿರುಗಿರುತ್ತದೆ. ಇದರ ಕಾರಣವನ್ನು ಅರಿಯಲು ಫಲಕದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಕೊಡಾಕ್ ಸಂಸ್ಥೆಯ ವಿಜ್ಞಾನಿ ಬ್ರೈಸ್ ಬೇಯರರ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ಆದ ವಿನ್ಯಾಸದಂತೆ, ಇಂದಿನ ಬಹುತೇಕ ಫಲಕಗಳಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರನ್ನೂ ಒಂದು ಕೆಂಪನ್ನೂ ಒಂದು ನೀಲಿಯನ್ನೂ ಗ್ರಹಿಸುತ್ತವೆ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುವುದರಿಂದ, ಒಟ್ಟು ಪ್ರಕಾಶವನ್ನು ತೋರಿಸುವ ಸಾಧಾರಣ ನಕ್ಷೆಯನ್ನು ಹಸಿರಿಗೆ ಅತ್ಯಧಿಕ ತೂಕ ಕೊಟ್ಟು ರಚಿಸಿರುತ್ತಾರೆ. ಅಚ್ಚಕೆಂಪು ಹೂವಿನಲ್ಲಿ ಹಸಿರಿನ ಅಂಶ ಅತ್ಯಲ್ಪ. ಆದಕಾರಣ ಕೆಂಪು ತುಂಬಿ ಹೊರಚೆಲ್ಲಿದರೂ ನಕ್ಷೆಯು ಏನೂ ಆಗಿಲ್ಲವೆಂದೇ ಹೇಳುತ್ತಿರುತ್ತದೆ. ಕೆಂಪು ತನ್ನ ಶಿಖರವನ್ನು ಮುಟ್ಟಿ ನಿಂತ ಮೇಲೂ ಬೆಳಕು ಹೆಚ್ಚುತ್ತ ಹೋದರೆ, ಹಿಂದೆ ಉಳಿದಿದ್ದ ಹಸಿರು ಮೆಲ್ಲನೆ ಏರಿ ಅದನ್ನು ಕೂಡಿಕೊಳ್ಳುವುದರಿಂದಲೇ ಕೆಂಪು ಕಿತ್ತಳೆಯಾಗುವುದು.

ಪರಿಹಾರವು ಕ್ಯಾಮೆರಾದಲ್ಲಿಯೇ ಉಂಟು. ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ತೋರಿಸುವ ನಕ್ಷೆಯನ್ನು ತೆರೆದಿಟ್ಟು, ಕೆಂಪಿನ ಗುಡ್ಡೆ ಬಲತುದಿಯಿಂದ ಸ್ವಲ್ಪ ಈಚೆಗೇ ನಿಲ್ಲುವವರೆಗೆ ಬೆಳಕನ್ನು ಇಳಿಸಬೇಕು. ಗುಲ್‌ಮೊಹರಿಗೆ ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ ಇಳಿಸಬೇಕಾಗಿ ಬರುವುದು ಅಪರೂಪವಲ್ಲ. ಬಣ್ಣಗಳನ್ನು ಗಾಢಗೊಳಿಸುವ ‘ವಿವಿಡ್’ ಮೊದಲಾದ ಬಗೆಗಳನ್ನು ಬಿಟ್ಟು ‘ನ್ಯೂಟ್ರಲ್’ ಆರಿಸಿಕೊಳ್ಳುವುದೂ, ಕೆಂಪನ್ನು ಇನ್ನಷ್ಟು ಹೆಚ್ಚಿಸುವ ಮೋಡದ ಗುರುತಿನ ಬದಲು ಸೂರ್ಯನ ಗುರುತಿನ ವೈಟ್ ಬ್ಯಾಲೆನ್ಸ್ ಇಡುವುದೂ ಹಿತಕರ. ಸಾಧ್ಯವಿದ್ದವರು, ಫಲಕ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ತೆಗೆದರೆ, ಜೆಪೆಗ್ ಚಿತ್ರದಲ್ಲಿ ಅಳಿದಂತೆ ಕಂಡ ಎಸಳಿನ ಗೆರೆಗಳು ಅದರಲ್ಲಿ ಉಳಿದಿರುವ ಸಂಭವವೇ ಹೆಚ್ಚು. ಇಷ್ಟೆಲ್ಲ ಮಾಡಿದ ಮೇಲೂ ಪರದೆಯ ಮೇಲಿನ ಚಿತ್ರವನ್ನೇ ನೋಡಿ ತೀರ್ಮಾನಿಸುವುದು ಬೇಡ. ನಡುಹಗಲಿನ ಬಿಸಿಲಿನಲ್ಲಿ ಪರದೆಯು ಎಷ್ಟು ಮಂಕಾಗಿ ಕಾಣುವುದೆಂದರೆ, ಅದನ್ನು ನಂಬಿದವನು ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಕೊಟ್ಟೇ ಕೊಡುತ್ತಾನೆ. ಕಪ್ಪು ಕನ್ನಡಕ ಧರಿಸಿದವನಾದರೆ ಕೇಳುವುದೇ ಬೇಡ.

ಹಳದಿಯ ಕಥೆ ಬೇರೆ. ಹಳದಿ ಟಬೆಬುಯಾ, ಕಕ್ಕೆಯ ಇಳಿಬಿದ್ದ ಗೊಂಚಲು, ಇವು ಮಧ್ಯಮ ಬೂದಿಗಿಂತ ಸಹಜವಾಗಿಯೇ ಪ್ರಕಾಶಮಾನವಾದವು; ಚೌಕಟ್ಟಿನ ತುಂಬ ಅವೇ ಇದ್ದಾಗ ಮೀಟರು ಅವನ್ನು ಸಾಸಿವೆಯ ಕೊಳಕು ಬಣ್ಣಕ್ಕೆ ಇಳಿಸುವುದರಿಂದ, ಇಲ್ಲಿ ಮುಕ್ಕಾಲು ಸ್ಟಾಪಿನಷ್ಟು ಬೆಳಕನ್ನು ಏರಿಸಬೇಕು. ಆದರೆ ಹಳದಿಯಲ್ಲಿ ಕೆಂಪು ಹಸಿರುಗಳೆರಡೂ ಶಿಖರದ ಸಮೀಪದಲ್ಲೇ ಇರುವುದರಿಂದ ಏರಿಸಲು ಇರುವ ಅವಕಾಶ ಕಿರಿದು. ಅದನ್ನು ಮೀರಿದರೆ ಹಿಂದುಳಿದಿದ್ದ ನೀಲಿಯು ಮೇಲೆ ಬಂದು ಹೂವು ಬಿಳಿಯತ್ತ ಹೊರಳುತ್ತದೆ. ಮಧ್ಯಮ ಬೂದಿಗೂ ಒಗೆದ ಬಿಳಿ ಬಟ್ಟೆಗೂ ನಡುವೆ ಇರುವುದೇ ಎರಡೂಕಾಲು ಸ್ಟಾಪಿನಷ್ಟು ಅಂತರವೆಂಬುದನ್ನು ನೆನಪಿಟ್ಟರೆ, ಬಿಸಿಲಿನಲ್ಲಿ ಹಳದಿಗೆ ಎರಡು ಸ್ಟಾಪು ಏರಿಸುವ ಉತ್ಸಾಹ ಯಾರಿಗೂ ಬರಲಾರದು. ನಸುಗೆಂಪು ಟಬೆಬುಯಾಕ್ಕೆ ಅರ್ಧ ಸ್ಟಾಪು ಏರಿಸಿದರೆ ಸಾಕು. ಅದರ ತುತ್ತೂರಿಯಾಕಾರದ ಹೂವಿನ ಕಂಠದಲ್ಲಿ ಹಳದಿ ಕಾಣುತ್ತಿರುವವರೆಗೆ ಲೆಕ್ಕ ತಪ್ಪಿಲ್ಲವೆಂದು ತಿಳಿಯಬಹುದು. ಹೊಂಗೆಯ ಹೂವಿಗಿಂತ ಅದರ ಹೊಸ ಚಿಗುರೇ ಹೆಚ್ಚು ತೊಂದರೆ ಕೊಡುವಂಥದು, ಎಲೆಯ ಮೇಲಣ ಮಿರುಗು ಎಷ್ಟೋ ಸಲ ಬಿಳಿಯ ಹೂವನ್ನೂ ಮೀರುತ್ತದೆ. ಆ ಮಿರುಗು ಸುಟ್ಟರೆ ಸುಡಲಿ, ಅದಕ್ಕಾಗಿ ಇಡೀ ಚಿತ್ರವನ್ನು ಕಪ್ಪಾಗಿಸಬೇಕಾದುದಿಲ್ಲ.

ಎಷ್ಟು ಬೆಳಕು ಎಂಬ ಪ್ರಶ್ನೆಗೆ ಎಲ್ಲಿ ನಿಲ್ಲಬೇಕು ಎಂಬುದೂ ಅರ್ಧ ಉತ್ತರವಾಗಿದೆ. ಬೆಂಗಳೂರು ಸುಮಾರು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಂತು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಗುಲ್‌ಮೊಹರು ಅರಳುವುದೂ ಆ ದಿನಗಳಲ್ಲಿಯೇ. ಅದರ ಅಗಲವಾದ ಹಂದರದ ಮೇಲ್ಮೈಯಲ್ಲಿ ಹೂಗಳೆಲ್ಲ ಬಿಸಿಲುಣ್ಣುತ್ತಿದ್ದರೆ, ಬುಡದಲ್ಲಿ ನಿಂತವನಿಗೆ ಕಾಣುವುದು ಹಂದರದ ನೆರಳಿನ ಹೊಟ್ಟೆಯೂ ಅದರ ಸಂದುಗಳಲ್ಲಿ ಕಣ್ಣುಕುಕ್ಕುವ ಆಕಾಶವೂ ಮಾತ್ರ. ಅಂಥ ಸ್ಥಾನದಿಂದ ಯಾವ ಲೆಕ್ಕವೂ ಕೈಗೂಡದು. ಎದುರು ಮನೆಯ ಎರಡನೆಯ ಅಂತಸ್ತಿನ ತಾರಸಿಯನ್ನೋ ಮೇಲ್ಸೇತುವೆಯ ಕಾಲುದಾರಿಯನ್ನೋ ಹತ್ತಿ ಹಂದರವನ್ನು ಮೇಲಿನಿಂದ ನೋಡಿದರೆ, ಆಕಾಶದ ಉಪದ್ರವವೇ ತಪ್ಪಿ, ಕೆಂಪು ಹೂಗಳಿಗೆ ಕೆಳಗಣ ರಸ್ತೆಯ ಮಾಸಲು ಬಣ್ಣ ಹಿನ್ನೆಲೆಯಾಗಿ, ಅಂಗೈಯ ಲೆಕ್ಕವೇ ಸಾಕಾಗುತ್ತದೆ. ನೆಲದ ಮೇಲೆ ನಿಂತೇ ತೆಗೆಯಬೇಕಾದರೆ ಬೆಳಗ್ಗೆ ಎಂಟೊಂಬತ್ತು ಗಂಟೆಯ ಹೊತ್ತಿನಲ್ಲಿ, ಸೂರ್ಯನನ್ನು ಬೆನ್ನಿಗೋ ಒಂದು ಹೆಗಲಿಗೋ ಇಟ್ಟುಕೊಂಡು, ಆಕಾಶ ನೀಲಿಯಾಗಿರುವ ಕಡೆಗೆ ಮುಖ ಮಾಡುವುದು ಉತ್ತಮ. ಸೂರ್ಯನು ಹೆಗಲಿನ ಕಡೆ, ನೋಟಕ್ಕೆ ಲಂಬವಾಗಿರುವಾಗ ಪೋಲರೈಸರ್ ಗಾಜನ್ನು ತಿರುಗಿಸಿದರೆ ನೀಲಿ ಗಾಢವಾಗುವುದಲ್ಲದೆ ಎಲೆಗಳ ಮಿರುಗೂ ಅಡಗುತ್ತದೆ. ಅದಕ್ಕೆ ಒಂದೂವರೆಯಿಂದ ಎರಡು ಸ್ಟಾಪು ಬೆಳಕನ್ನು ತೆರಬೇಕಷ್ಟೆ. ಧೂಳು ಮಬ್ಬುಗಳಿಂದ ಆಕಾಶವೇ ಬಿಳಿಚಿದ ಮಾರ್ಚಿನ ದಿನಗಳಲ್ಲಿ ಈ ಗಾಜಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಆಗ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು, ಕಬ್ಬನ್ ಪಾರ್ಕಿನಂಥ ಕಡೆಯಲ್ಲಾದರೆ ಹಿಂದಿನ ಬಿದಿರು ಮೆಳೆಯ ಕತ್ತಲನ್ನು ಬೆನ್ನಿಗೆ ತಂದುಕೊಳ್ಳುವುದೇ ಜಾಣತನ.

ಬೆಳಕಿಗೆ ಎದುರಾಗಿ ನಿಂತು ತೆಗೆಯಲೇಬಾರದೆಂಬ ಹಳೆಯ ಕಟ್ಟಳೆಯನ್ನು ಮುತ್ತುಗವೊಂದೇ ಮುರಿಯಬಲ್ಲದು. ಫಾಲ್ಗುಣದ ಬಯಲುಸೀಮೆಯಲ್ಲಿ ಎಲೆಯಿಲ್ಲದ ಕೊಂಬೆಗಳ ತುಂಬ ಗಿಣಿಗೊಕ್ಕಿನಂತೆ ಬಾಗಿದ ಕಿತ್ತಳೆಗೆಂಪು ಹೂಗಳನ್ನು ಹೊತ್ತ ಈ ಮರದ ಎಸಳುಗಳ ಮೇಲೆ ನವುರಾದ ರೇಷ್ಮೆಯ ರೋಮಗಳಿದ್ದು, ಹಿಂದಿನಿಂದ ಬಿಸಿಲು ಬಿದ್ದಾಗ ಪ್ರತಿಯೊಂದು ಹೂವಿನ ಅಂಚಿನಲ್ಲೂ ಸಣ್ಣ ಬೆಳ್ಳಿಯ ರೇಖೆ ಮೂಡುತ್ತದೆ. ಎಸಳಿನ ಮೂಲಕ ಹಾಯ್ದ ಬೆಳಕಿನಿಂದ ವರ್ಣವೂ ಇಮ್ಮಡಿಯಾಗುತ್ತದೆ. ಹೂವನ್ನು ಹಿಡಿದಿರುವ ಪುಷ್ಪಪಾತ್ರೆಯಾದರೋ ಕಡುಕಂದು ಮಖಮಲ್ಲಿನದು, ಹೆಚ್ಚುಕಡಿಮೆ ಕಪ್ಪೇ. ಅದು ಚಿತ್ರದಲ್ಲಿಯೂ ಕಪ್ಪಾಗಿ ಇರತಕ್ಕದ್ದು. ಅದನ್ನೂ ಬೆಳಗಿಸುತ್ತೇನೆಂದು ಹೊರಟವನ ಕೈಯಲ್ಲಿ ಬೆಳ್ಳಿಯ ರೇಖೆ ಮೊದಲು ಹಾಳಾಗುತ್ತದೆ. ಇಲ್ಲಿ ಚೌಕಟ್ಟಿನ ಸಣ್ಣ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಬೆಳಗಿದ ಎಸಳನ್ನು ಮಾತ್ರ ಅಳೆದು, ಮೀಟರು ಹೇಳಿದಂತೆಯೇ, ಏರಿಸದೆ ಇಳಿಸದೆ ತೆಗೆಯಬಹುದು. ಸೂರ್ಯನನ್ನು ಒಂದು ದಪ್ಪ ಕೊಂಬೆಯ ಹಿಂದೆ ಮರೆಮಾಡಿಕೊಂಡರೆ ಮಸೂರದೊಳಗೆ ಬೆಳಕು ಚೆದುರುವುದೂ ತಪ್ಪುತ್ತದೆ. ಕೈಗೆಟಕುವ ಒಂದು ಗೊಂಚಲಿನ ನೆರಳನ್ನು ತುಸು ತಿಳಿಗೊಳಿಸಬೇಕೆನಿಸಿದರೆ, ಜೊತೆಗಿರುವವರ ಕೈಯಲ್ಲಿ ಬಿಳಿ ಪಂಚೆಯನ್ನು ಹರವಿ ಹಿಡಿಸಿ ಬಿಸಿಲನ್ನು ತಿರುಗಿಸಿದರಾಯಿತು.

ಮೊಬೈಲು ಬಳಸುವವರು ಈ ಗಣಿತವೆಲ್ಲ ತಮಗಲ್ಲವೆಂದು ತಿಳಿಯಬೇಕಾಗಿಲ್ಲ. ಇಂದಿನ ಮೊಬೈಲು ಒಂದು ಸ್ಪರ್ಶಕ್ಕೆ ಹಲವು ಚಿತ್ರಗಳನ್ನು ತೆಗೆದು, ಹೊಳಪಿನದನ್ನೂ ನೆರಳಿನದನ್ನೂ ತಾನೇ ಕೂಡಿಸಿ ಎಚ್‌ಡಿಆರ್ ಚಿತ್ರವಾಗಿ ಕೊಡುತ್ತದೆ. ಸುಟ್ಟ ಆಕಾಶದಿಂದ ಅದು ನಮ್ಮನ್ನು ರಕ್ಷಿಸುವುದು ನಿಜವಾದರೂ, ನೆರಳುಗಳನ್ನೆಲ್ಲ ಎತ್ತಿಹಿಡಿದು ಮರಕ್ಕೆ ಗಾತ್ರವೇ ಇಲ್ಲದಂತೆ ಮಾಡುವುದೂ, ಗಾಳಿಗೆ ಕೊಂಬೆ ಅಲುಗಿದಾಗ ಎಸಳಿನ ಅಂಚಿನಲ್ಲಿ ಇಮ್ಮಡಿ ಗೆರೆಗಳನ್ನು ಬಿಡುವುದೂ ಅಷ್ಟೇ ನಿಜ. ಆ ಸೌಲಭ್ಯವನ್ನು ನಿಲ್ಲಿಸಲು ಬರುವ ಮೊಬೈಲಾದರೆ ಹತ್ತಿರದ ಗೊಂಚಲಿಗೆ ಅದನ್ನು ನಿಲ್ಲಿಸಿಡುವುದು ಲೇಸು. ಪರದೆಯಲ್ಲಿ ಬಿಸಿಲು ಬಿದ್ದ ಹೂವಿನ ಮೇಲೆಯೇ ಬೆರಳನ್ನು ಒತ್ತಿ ಹಿಡಿದರೆ ಬಹುತೇಕ ಮೊಬೈಲುಗಳಲ್ಲಿ ಬೆಳಕಿನ ಲೆಕ್ಕ ಅಲ್ಲಿಗೆ ಬೀಗ ಹಾಕಿದಂತೆ ನಿಲ್ಲುತ್ತದೆ, ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಕಾಣಿಸಿಕೊಳ್ಳುತ್ತದೆ. ಕೆಂಪು ಹೂವಾದರೆ ಆ ಗುರುತನ್ನು ಎಸಳಿನ ಗೆರೆಗಳು ಮೂಡುವವರೆಗೆ ಕೆಳಕ್ಕೆ ಎಳೆಯಬೇಕು, ಹಳದಿಯಾದರೆ ಸಾಸಿವೆಯ ಬಣ್ಣ ಬಿಡುವವರೆಗೆ ಒಂದಿಷ್ಟು ಮೇಲಕ್ಕೆ.